ಅಂಗೈಯುದ್ದದ ಸವತಿ

ಎರಿನ್ ಮಿಲ್ಸ್
10 ಮಾರ್ಚ್ 2025

ಸಂಜನಾ,

ನಿನ್ನ ಮನೆಗೂ ನನ್ನ ಮನೆಗೂ ಕಾರಿನಲ್ಲಿ ಅರ್ಧ ಗಂಟೆಯ ದಾರಿ. ಆದರೂ ಅಕ್ಕ ಅಂಚೆಯಲ್ಲಿ ಕಾಗದ ಹಾಕಿದ್ದಾಳೆ ಎಂದು ನಗಬೇಡ. ಫೋನಿನಲ್ಲಾದರೆ ನಾನು ಕೂಗಾಡುತ್ತೇನೆ, ನೀನು ‘ಆಯ್ತು ಬಿಡಕ್ಕ’ ಎಂದು ಇಟ್ಟುಬಿಡುತ್ತೀ. ಕಾಗದವನ್ನು ಹಾಗೆ ಇಟ್ಟುಬಿಡಲಾಗುವುದಿಲ್ಲ.

ನಿನ್ನೆ ಇವರ ಹುಟ್ಟುಹಬ್ಬಕ್ಕೆ ನೀನು ತಂದುಕೊಟ್ಟ ಪೆಟ್ಟಿಗೆಯ ವಿಷಯ. ಬಿಚ್ಚಿದರೆ ಒಳಗೆ ನನ್ನ ಅಂಗೈಯುದ್ದದ ಒಂದು ಕಪ್ಪು ವಸ್ತು, ಬಲ್ಬಿಲ್ಲದ ಟಾರ್ಚಿನ ಹಾಗೆ. ಗಡ್ಡ ಹೆರೆಯುವ ಮಷೀನು ಅಂದುಕೊಂಡೆ. ‘ವೇಪರೈಸರ್ ಅಕ್ಕ. ಸೊಪ್ಪು ಹಾಕಿ ಬಿಸಿ ಮಾಡೋದು. ಸುಡಲ್ಲ, ಹೊಗೆ ಇಲ್ಲ, ಬರೀ ಆವಿ’ ಎಂದು ನೀನು ಪಾಠ ಹೇಳಿದೆ. ಯಾವ ಸೊಪ್ಪು ಎಂದು ನಾನು ಕೇಳಿದಾಗ ನೀನೂ ಇವರೂ ಮುಖ ಮುಖ ನೋಡಿಕೊಂಡಿರಿ. ನನಗೆ ಚುಚ್ಚಿದ್ದು ಆ ನೋಟ. ಭಂಗಿ ಸೊಪ್ಪಿನ ಮಾತು ಆಮೇಲಿನದು. ಹೆತ್ತ ಮಗಳೂ ನಿಮ್ಮ ಪಕ್ಷವೇ. ‘ಇಟ್ಸ್ ಲೀಗಲ್ ಹಿಯರ್ ಅಮ್ಮ, ರಿಲ್ಯಾಕ್ಸ್’ ಎಂದು ಸಾಹಿತ್ಯ ಕೇಕು ತಿನ್ನುತ್ತಾ ಹೇಳಿದಳು.

ನವೆಂಬರಿನಲ್ಲಿ ಇವರ ಎಡಪಕ್ಕೆಗೆ ಸರ್ಪಸುತ್ತು ಎದ್ದಿತಲ್ಲ, ಅಲ್ಲಿಂದ ಈಚೆಗೆ ಈ ಮನೆಯಲ್ಲಿ ಏನೇನಾಯಿತು ಎಂದು ನಿನಗೆ ಅರ್ಧ ಮಾತ್ರ ಗೊತ್ತು. ಗುಳ್ಳೆ ಒಣಗಿದವು, ಉರಿ ಉಳಿಯಿತು. ನರದ ನೋವು ಎಂದರು ಡಾಕ್ಟರು. ಬನಿಯನ್ನು ತಾಕಿದರೂ ಕೆಂಡ ಇಟ್ಟ ಹಾಗೆ. ಮೈಸೂರಿನಿಂದ ಕೆಮ್ಮಣ್ಣು ತರಿಸಿ ಕಲಸಿದೆ, ಹಚ್ಚಲು ಬಿಡಲಿಲ್ಲ. ಒಂದು ಸಲ ಮರೆತು ಬೆನ್ನ ಮೇಲೆ ಕೈಯಿಟ್ಟುಬಿಟ್ಟೆ. ಕಿರುಚಿಕೊಂಡು ನನ್ನ ಕೈಯನ್ನು ಚೇಳು ಕೊಡಹಿದ ಹಾಗೆ ಕೊಡಹಿದರು. ಅವತ್ತಿನಿಂದ ನನ್ನ ಹಾಸಿಗೆ ಸಾಹಿತ್ಯಳ ಕೋಣೆಯಲ್ಲಿ. ಅವಳು ಹಾಸ್ಟೆಲಿಗೆ ಹೋದ ಮೇಲೆ ಖಾಲಿ ಬಿದ್ದಿತ್ತಲ್ಲ, ಅನುಕೂಲವಾಯಿತು ಎಂದು ಎಲ್ಲರಿಗೂ ಹೇಳಿದೆ.

ನೀನು ಹೊರಟ ಮೇಲೆ ಇವರು ಗರಾಜಿನಲ್ಲಿ ಮಡಚುವ ಕುರ್ಚಿ ಹಾಕಿಕೊಂಡು ಕೂತರು. ನಾನು ಬಾಗಿಲ ಸಂದಿಯಿಂದ ನೋಡಿದೆ. ಪುಡಿ ಮಾಡಿದ ಸೊಪ್ಪನ್ನು ಅದರ ಹೊಟ್ಟೆಗೆ ತುಂಬಿ ಗುಂಡಿ ಒತ್ತಿದರು. ಪುಟಾಣಿ ಪರದೆಯ ಮೇಲೆ ಅಂಕಿ ಏರುತ್ತಾ ಹೋಯಿತು. ಬಿಸಿಯಾದ ಮೇಲೆ ಅದು ಕೈಯಲ್ಲೇ ಒಮ್ಮೆ ಗುಂಯ್ ಎಂದು ನಡುಗಿತು. ತುಟಿಗಿಟ್ಟು ಎಳೆದರು, ಏನೂ ಬರಲಿಲ್ಲ. ಮತ್ತೆ ಎಳೆದರು. ಚಳಿಯಲ್ಲಿ ಬಾಯಿಂದ ಬರುವ ಉಸಿರಿನಷ್ಟೇ ತೆಳ್ಳಗೆ ಏನೋ ಹೊರಬಂತು. ಹುರಿದ ಜೋಳದಂಥ ವಾಸನೆ. ಸ್ವಲ್ಪ ಹೊತ್ತಿಗೆ ಇವರ ಭುಜ ಇಳಿಯಿತು. ಚಳಿಗಾಲವಿಡೀ ಕಿವಿಯವರೆಗೆ ಏರಿಸಿಕೊಂಡೇ ಓಡಾಡಿದ ಭುಜ ಅದು.

ನನಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ. ನನ್ನ ಎರಡು ಕೈಯಿಂದ ಆಗದ್ದು ಆ ಮೋಟುಕಡ್ಡಿಯಿಂದ ಆಯಿತಲ್ಲ ಎಂದು ಹೊಟ್ಟೆ ಉರಿಯಿತು. ಮನೆಗೆ ಒಬ್ಬಳು ಸವತಿಯನ್ನು ತಂದಿಟ್ಟು ಹೋದೆ ನೀನು.

ಸಿಟ್ಟು ಇಳಿಯದ,
ವಸಂತಾ


ಎಟೋಬಿಕೋಕ್
19 ಮಾರ್ಚ್ 2025

ಪ್ರೀತಿಯ ಅಕ್ಕ,

ಲಕೋಟೆಯ ಮೇಲೆ ನಿನ್ನ ಕೈಬರಹ ನೋಡಿ, ಲಿಫ್ಟಿನಲ್ಲೇ ಹರಿದು ಓದಿದೆ. ನನ್ನ ಮಹಡಿ ದಾಟಿ ಮೇಲೆ ಹೋಗಿಬಿಟ್ಟಿದ್ದೆ.

ನನ್ನ ತಲೆಯಿಂದ ಹುಟ್ಟಿದ ಯೋಚನೆ ಅಲ್ಲ ಇದು. ಫೆಬ್ರವರಿಯಲ್ಲಿ ಭಾವನೇ ಫೋನ್ ಮಾಡಿದ್ದರು. ‘ಸಂಜು, ಮಾತ್ರೆ ತಗೊಂಡ್ರೆ ಮೀಟಿಂಗಲ್ಲೇ ತೂಕಡಿಸ್ತೀನಿ. ತಗೊಳ್ದೇ ಇದ್ರೆ ಸೀಟ್‌ಬೆಲ್ಟ್ ಹಾಕ್ಕೊಳ್ಳೋಕೂ ಆಗಲ್ಲ. ಡಾಕ್ಟ್ರು ಇದನ್ನ ಟ್ರೈ ಮಾಡಿ ಅಂತ ಬರ್ದು ಕೊಟ್ಟಿದ್ದಾರೆ. ಆದ್ರೆ ನಿಮ್ಮಕ್ಕನ ಮುಂದೆ ಗಾಂಜಾ ಅನ್ನೋ ಮಾತು ಹೇಗೆ ಎತ್ತಲಿ? ನೀನೇ ಏನಾದ್ರೂ ಮಾಡು’ ಎಂದರು. ನಾನು ಫಿಸಿಯೋ, ದಿನವಿಡೀ ನೋವಿನವರ ನಡುವೆಯೇ ಇರುವವಳು. ಕ್ಲಿನಿಕ್ಕಿಗೆ ಬರುವ ಎಷ್ಟೋ ಜನ ಇಂಥದ್ದನ್ನು ಇಟ್ಟುಕೊಂಡಿರುತ್ತಾರೆ. ಕೆಲವರಿಗೆ ಆಗಿಬರುತ್ತದೆ, ಕೆಲವರಿಗೆ ಇಲ್ಲ. ಲೇಕ್‌ಶೋರ್ ಕಡೆಯ ಅಂಗಡಿಗೆ ಹೋಗಿ ನೋಡಿದೆ. ಇದಕ್ಕಿಂತ ಚಂದದವು ಇದ್ದವು. ಅಂಕಿ ದಪ್ಪಗೆ ಕಾಣುತ್ತದೆ, ಭಾವ ಕನ್ನಡಕ ಹುಡುಕಬೇಕಾಗಿಲ್ಲ ಎಂದು ಇದನ್ನೇ ಆರಿಸಿದೆ.

ಮೊದಲ ಸಲ ಎಳೆದಾಗ ಏನೂ ಬರುವುದಿಲ್ಲ, ಅದು ಮಾಮೂಲು. ಇದೇನು ಮಂತ್ರದಂಡವಲ್ಲ ಅಕ್ಕ. ನೋವಿನ ದನಿಯನ್ನು ಸ್ವಲ್ಪ ಕಡಿಮೆ ಮಾಡುತ್ತದೆ, ಅಷ್ಟೆ. ಆ ಹೊತ್ತಿನಲ್ಲಿ ನರಕ್ಕೆ ಮತ್ತೆ ಸ್ಪರ್ಶದ ಅಭ್ಯಾಸ ಮಾಡಿಸಬೇಕು. ಅದಕ್ಕೇ ಭಾನುವಾರಗಳಲ್ಲಿ ನಾನು ಬರುತ್ತೇನೆ ಎಂದಿದ್ದೇನೆ.

ನಿನ್ನ ಸವತಿಯನ್ನು ಕಟ್ಟಿಕೊಟ್ಟ ತಂಗಿ,
ಸಂಜನಾ


ಎರಿನ್ ಮಿಲ್ಸ್
14 ಏಪ್ರಿಲ್ 2025

ಸಂಜನಾ,

ಇವರೇ ಫೋನ್ ಮಾಡಿದರೋ? ಫೆಬ್ರವರಿಯಲ್ಲೋ? ಅಷ್ಟು ವಾರ ನೀವಿಬ್ಬರೂ ಬಾಯಿ ಮುಚ್ಚಿಕೊಂಡಿದ್ದಿರೋ? ಅದನ್ನು ಬರೆದು ನನ್ನನ್ನು ಸಮಾಧಾನ ಮಾಡಿದೆ ಅಂದುಕೊಂಡೆಯಾ?

ನೀನು ಬರುವ ಭಾನುವಾರಗಳು ಹೇಗಿರುತ್ತವೆ ಹೇಳಲಾ? ನೀನು ಬಂದ ಕೂಡಲೇ ಇವರು ಜಾಕೆಟ್ಟಿನ ಗುಂಡಿ ಬಿಟ್ಟುಕೊಂಡು ಹಿತ್ತಲಿನ ಡೆಕ್ಕಿಗೆ ಹೊರಡುತ್ತಾರೆ. ನೀನು ಹಿಂದೆ ಹೋಗಿ ಗಾಜಿನ ಬಾಗಿಲು ಎಳೆಯುತ್ತೀ. ಶಾಖ ಹೊರಗೆ ಹೋಗದಿರಲಿ ಎಂದೇ ಇರಬಹುದು, ನನಗೆ ಮಾತ್ರ ಮುಖದ ಮೇಲೆ ಎಳೆದ ಹಾಗೆ. ನಾನು ಒಳಗೆ ಹುರುಳಿಕಾಯಿ ಹೆಚ್ಚುತ್ತಾ ನಿಮ್ಮಿಬ್ಬರ ಬಾಯಿ ಅಲ್ಲಾಡುವುದನ್ನು ನೋಡುತ್ತೇನೆ. ಇವರು ನಗುತ್ತಾರೆ. ಏನು ಮಾತು ಎಂದು ಆಮೇಲೆ ಕೇಳಿದರೆ ‘ಏನಿಲ್ಲ ಕಣೇ, ಹೀಗೇ’ ಎನ್ನುತ್ತಾರೆ. ಇಷ್ಟು ವರ್ಷ ಸಂಸಾರ ಮಾಡಿದವಳಿಗೆ ‘ಹೀಗೇ’.

ಅದಕ್ಕೆ ಆಗುವ ಉಪಚಾರವನ್ನಾದರೂ ನೋಡಬೇಕು ನೀನು. ಚಿಕ್ಕ ಬ್ರಶ್ಶಿನಿಂದ ಅದರ ಬಾಯಿ ಉಜ್ಜುವುದೇನು, ಹತ್ತಿಯಿಂದ ಒರೆಸುವುದೇನು, ಸಾಹಿತ್ಯ ಹಸುಗೂಸಾಗಿದ್ದಾಗ ಕಿವಿ ಒರೆಸಲೂ ಇವರಿಗೆ ಪುರುಸೊತ್ತಿರಲಿಲ್ಲ. ಚಾರ್ಜಿಗೆ ಇಡುವುದು ಎಲ್ಲಿ ಗೊತ್ತಾ? ಮಂಚದ ನನ್ನ ಕಡೆಯ ಮೇಜಿನ ಮೇಲೆ. ನನ್ನ ಕನ್ನಡಕ ಇರುತ್ತಿದ್ದ ಜಾಗದಲ್ಲಿ ಅದು ಹಸಿರು ದೀಪ ಹಚ್ಚಿಕೊಂಡು ಕೂತಿರುತ್ತದೆ.

ಹೋದ ವಾರ ಕನ್ನಡ ಸಂಘದ ಹೆಂಗಸರು ಯುಗಾದಿ ಕಾರ್ಯಕ್ರಮದ ಫೋಟೋ ತೋರಿಸಲು ಬಂದಿದ್ದರು. ಒಬ್ಬರು ಮೂಗರಳಿಸಿ, ‘ಏನ್ರೀ ವಸಂತಾ, ಪಾಪ್‌ಕಾರ್ನ್ ಮಾಡಿದ್ರಾ?’ ಎಂದರು. ಹೌದು ಎಂದೆ. ‘ಕೊಡಿ ಮತ್ತೆ’ ಎಂದರು. ಅಡುಗೆಮನೆಗೆ ಓಡಿ ಮೈಕ್ರೋವೇವಿನಲ್ಲಿ ಮಾಡಿ ತಂದುಕೊಟ್ಟೆ. ಇವರು ಮೇಲಿನ ಕೋಣೆಯಲ್ಲಿ ಸುಖವಾಗಿ ನಿದ್ದೆ ಮಾಡುತ್ತಿದ್ದರು. ನಿದ್ದೆ ಬರುತ್ತಿದೆ ಸಂಜನಾ, ನಿಜ. ಸುಳ್ಳು ಯಾಕೆ ಹೇಳಲಿ. ನಿದ್ದೆ ಬಂದವರ ಪಕ್ಕದಲ್ಲಿ ನಾನಿಲ್ಲ ಅಷ್ಟೆ.

ನಿನ್ನ ಅಕ್ಕ,
ವಸಂತಾ


ಎಟೋಬಿಕೋಕ್
22 ಏಪ್ರಿಲ್ 2025

ಅಕ್ಕ,

ನಿನ್ನ ಸಿಟ್ಟು ಆ ಯಂತ್ರದ ಮೇಲೋ, ಭಾವನ ಮೇಲೋ, ನನ್ನ ಮೇಲೋ? ನನ್ನ ಮೇಲಾದರೆ ಒಂದು ಸಾಲು ಬರೆ, ಬರುವುದು ನಿಲ್ಲಿಸುತ್ತೇನೆ. ಬರೆಯದಿದ್ದರೆ ಭಾನುವಾರ ಬರುತ್ತೇನೆ. ಕೆಲಸ ಅರ್ಧಕ್ಕೆ ನಿಂತಿದೆ, ಭಾವನಿಗೆ ಮಾತು ಕೊಟ್ಟಿದ್ದೇನೆ.

ಡೆಕ್ಕಿನ ಬಾಗಿಲಿಗೆ ಬೀಗ ಹಾಕಿರುವುದಿಲ್ಲ. ನೀನು ಒಂದು ದಿನವೂ ಅದನ್ನು ಸರಿಸಿ ಹೊರಗೆ ಬರಲಿಲ್ಲ.

ಸಂಜನಾ


ಎರಿನ್ ಮಿಲ್ಸ್
5 ಮೇ 2025

ಸಂಜನಾ,

ಬರಬೇಡ ಎಂದು ನಾನು ಬರೆಯಲಿಲ್ಲ. ಬರೆಯಬೇಕಿತ್ತು.

ನಿನ್ನೆ ಕಾಫಿ ಕೊಡೋಣವೆಂದು ಎರಡು ಲೋಟ ಹಿಡಿದು ಗಾಜಿನ ಬಾಗಿಲವರೆಗೆ ಬಂದಿದ್ದೆ. ನೀನು ಬರೆದದ್ದು ಮನಸ್ಸಿನಲ್ಲಿತ್ತು, ಇವತ್ತು ಸರಿಸಿ ಹೊರಗೆ ಹೋಗಿ ಜೊತೆಯಲ್ಲಿ ಕೂರುತ್ತೇನೆ ಎಂದುಕೊಂಡೇ ಬಂದೆ. ಇವರು ಅಂಗಿ ಬಿಚ್ಚಿ ಕೂತಿದ್ದರು. ಆ ಕಪ್ಪು ಕಡ್ಡಿ ಇವರ ತೊಡೆಯ ಮೇಲೆ. ನಿನ್ನ ಕೈ ಇವರ ಎಡಪಕ್ಕೆಯ ಮೇಲೆ. ಸುಮ್ಮನೆ ತಾಕಿದ್ದಲ್ಲ, ಪೂರ್ತಿ ಅಂಗೈ ಊರಿದ್ದು. ಇವರು ಕಣ್ಣು ಮುಚ್ಚಿಕೊಂಡಿದ್ದರು. ಕಿರುಚಲಿಲ್ಲ. ಕೊಡಹಲಿಲ್ಲ.

ಹಾಗಾದರೆ ಉರಿ ಇದ್ದದ್ದು ನನ್ನ ಕೈಗೆ ಮಾತ್ರ.

ನಾನು ತಿರುಗಿ ಬಂದು ಎರಡು ಲೋಟದ ಕಾಫಿಯನ್ನೂ ಸಿಂಕಿಗೆ ಸುರಿದೆ. ನೀನು ‘ಬರ್ತೀನಕ್ಕ’ ಎಂದಾಗ ನಲ್ಲಿ ಬಿಟ್ಟುಕೊಂಡು ಕೇಳಿಸದ ಹಾಗೆ ನಿಂತಿದ್ದೆ. ನೀನು ಹೋದ ಮೇಲೆ ಇವರು ಸ್ನಾನಕ್ಕೆ ಹೋದರು. ಆ ವಸ್ತುವನ್ನು ತೆಗೆದುಕೊಂಡು ಬೇಸ್‌ಮೆಂಟಿಗೆ ಇಳಿದೆ. ದಸರಾ ಗೊಂಬೆಗಳ ಪೆಟ್ಟಿಗೆಯಲ್ಲಿ, ಪಟ್ಟದ ಗೊಂಬೆಗಳ ಕೆಳಗೆ, ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ ಇಟ್ಟುಬಿಟ್ಟೆ. ರಾಜ ರಾಣಿ ಇಬ್ಬರೂ ಅದರ ಮೇಲೆ ಮಲಗಲಿ.

ಇನ್ನೂ ಇವರು ಕೇಳಿಲ್ಲ. ಕೇಳಿದರೆ ಏನು ಹೇಳಬೇಕು ಎಂದು ಉತ್ತರ ಕಟ್ಟಿಟ್ಟುಕೊಂಡಿದ್ದೇನೆ. ನೀನು ಇನ್ನು ಬರಬೇಡ. ಈಗ ಬರೆದಿದ್ದೇನೆ ನೋಡು.

ವಸಂತಾ


ಎಟೋಬಿಕೋಕ್
20 ಮೇ 2025

ಅಕ್ಕ,

ಬರೆದು ಹರಿದು, ಬರೆದು ಹರಿದು ಇಷ್ಟು ದಿನವಾಯಿತು.

ಅವತ್ತು ಡೆಕ್ಕಿನಲ್ಲಿ ನಡೆದದ್ದನ್ನು ನಡೆದ ಹಾಗೆಯೇ ಹೇಳುತ್ತೇನೆ. ಮೊದಲ ವಾರಗಳಲ್ಲಿ ನಾವು ಮಾಡಿದ್ದು ಹತ್ತಿಯ ಉಂಡೆಯಿಂದ ಪಕ್ಕೆ ಸವರುವುದು. ಭಾವ ಹಲ್ಲು ಕಚ್ಚಿ ಕೂರುತ್ತಿದ್ದರು. ನಗು ಬರಲಿ ಎಂದು ನಾನು ಕ್ಲಿನಿಕ್ಕಿನ ಕಥೆ ಹೇಳುತ್ತಿದ್ದೆ. ನೀನು ಒಳಗಿನಿಂದ ಕಂಡ ನಗು ಅದು. ಆಮೇಲೆ ಮೆತ್ತನೆಯ ಬಟ್ಟೆ, ಆಮೇಲೆ ಒರಟು ಟವೆಲ್ಲು. ಮೇ ನಾಲ್ಕರಂದು ಭಾವ ತಾವಾಗಿಯೇ, ‘ಸಂಜು, ಇವತ್ತು ಕೈ ಇಟ್ಟು ನೋಡ್ತೀಯಾ?’ ಎಂದರು.

ನಾನು, ‘ಅಕ್ಕನ್ನ ಕರೀತೀನಿ, ಅವಳೇ ಇಡ್ಲಿ’ ಎಂದೆ.

‘ಬೇಡ, ಬೇಡ. ಮೊದಲು ನೀನು ನೋಡು’ ಎಂದರು. ‘ಅವತ್ತು ಅವಳ ಕೈ ಕೊಡಹಿದಾಗ ಅವಳ ಮುಖ ನೋಡಿದೀನಿ ನಾನು. ಇನ್ನೊಂದ್ಸಲ ಹಾಗಾದ್ರೆ ಅವಳು ಮತ್ತೆ ಹತ್ರ ಬರಲ್ಲ. ನಿನ್ನ ಕೈಗೆ ಕಿರುಚಿದ್ರೆ ಪರವಾಗಿಲ್ಲ. ನಿನಗೇನೂ ಆಗಲ್ವಲ್ಲ.’

ನಿನಗೇನೂ ಆಗುವುದಿಲ್ಲವಲ್ಲ! ಕೇಳಿಸಿಕೊಂಡೆಯಾ ಅಕ್ಕ? ನೀನು ಗಾಜಿನ ಆ ಕಡೆ ನಿಂತು ಹೊಟ್ಟೆಕಿಚ್ಚುಪಟ್ಟೆಯಲ್ಲ, ಅದೇ ಹೊತ್ತಿಗೆ ಈ ಕಡೆ ಕೂತು ನಾನೂ ಪಡುತ್ತಿದ್ದೆ. ನನ್ನದು ಪರೀಕ್ಷೆಯ ಕೈ. ಅನ್ನ ಬೆಂದಿದೆಯೇ ಎಂದು ಒಂದು ಅಗುಳು ಹಿಸುಕಿ ನೋಡಿ ಬಿಸಾಡುತ್ತೇವಲ್ಲ, ಆ ಅಗುಳು ನಾನು. ಊಟ ನಿನ್ನದು.

ಇನ್ನೊಂದು ಮಾತು ಹೇಳಿಬಿಡುತ್ತೇನೆ. ಆ ಯಂತ್ರ ಕೊಳ್ಳುವಾಗ ಅಂಗಡಿಯ ಹುಡುಗಿ, ‘ಈಸ್ ಇಟ್ ಫಾರ್ ಯುವರ್ ಹಸ್ಬೆಂಡ್?’ ಎಂದು ಕೇಳಿದಳು. ಹೌದು ಎಂದುಬಿಟ್ಟೆ. ತಪ್ಪು ತಿಳಿಯಬೇಡ, ಭಾವನ ಮೇಲೆ ನನಗೆ ಅಂಥದ್ದೇನೂ ಇಲ್ಲ. ಆಕಾಶ ಸಂಸಾರ ಮುರಿದು ನನ್ನನ್ನು ಬಿಟ್ಟುಹೋದ ಮೇಲೆ, ಯಾರದೋ ನೋವಿಗಾಗಿ ಅಂಗಡಿ ಸುತ್ತಿ, ಇದು ಭಾರವಾಯಿತೇ, ಅಂಕಿ ಕಾಣುತ್ತದೆಯೇ ಎಂದು ಆರಿಸುವ ಸುಖ ನನಗೆ ಸಿಕ್ಕಿರಲಿಲ್ಲ. ಆ ಹುಡುಗಿ ಚೀಲ ಕೊಡುವವರೆಗೂ ನಾನು ಯಾರದೋ ಹೆಂಡತಿಯಾಗಿದ್ದೆ. ದಿನವಿಡೀ ಪರರ ಬೆನ್ನು, ಮಂಡಿ, ಕತ್ತು ಮುಟ್ಟುತ್ತೇನೆ. ನನ್ನನ್ನು ಮುಟ್ಟುವವರು ಯಾರೂ ಇಲ್ಲ ಅಕ್ಕ. ನೀನೂ ಈಚೆಗೆ ಬಾಗಿಲಲ್ಲೇ ನಿಂತು ಕೈಬೀಸುತ್ತೀ.

ಭಾವ ನಿನ್ನೆ ಫೋನ್ ಮಾಡಿದ್ದರು. ದನಿಯಲ್ಲೇ ನೋವು ಗೊತ್ತಾಯಿತು. ಯಂತ್ರ ಬಳಸುತ್ತಿಲ್ಲವೇ ಎಂದು ಕೇಳಿದರೆ, ‘ಎಲ್ಲೋ ಇಟ್ಟು ಮರ್ತಿದೀನಿ’ ಎಂದರು. ಕನ್ನಡಕವನ್ನೂ ಬೀಗದ ಕೈಯನ್ನೂ ಎಂದೂ ಕಳೆಯದ ಮನುಷ್ಯ. ನೀನು ಬಚ್ಚಿಟ್ಟ ಜಾಗವನ್ನು ನಾನು ಬಿಟ್ಟುಕೊಡಲಿಲ್ಲ. ಗೊಂಬೆಗಳನ್ನು ಎಬ್ಬಿಸುವುದು ನಿನ್ನ ಕೆಲಸ.

ಸಂಜನಾ


ಎಟೋಬಿಕೋಕ್
31 ಮೇ 2025

ಸಂಜು,

ಮೇಲೆ ಎಟೋಬಿಕೋಕ್ ಎಂದು ಬರೆದದ್ದು ಕೈತಪ್ಪಿ ಅಲ್ಲ. ಓದುತ್ತಾ ಹೋಗು.

ನಿನ್ನ ಕಾಗದ ಬರುವ ಮೊದಲೇ ನಾನು ಅರ್ಧ ಸೋತಿದ್ದೆ. ಇಬ್ಬರೂ ಅಕ್ಕಿ ತರಲು ಬ್ರ್ಯಾಂಪ್ಟನ್ನಿಗೆ ಹೋಗಿದ್ದೆವು. ಇವರು ಸೀಟ್‌ಬೆಲ್ಟಿನ ಪಟ್ಟಿಗೂ ಪಕ್ಕೆಗೂ ನಡುವೆ ಬೆರಳು ತೂರಿಸಿಕೊಂಡು, ದಾರಿಯುದ್ದಕ್ಕೂ ಅದನ್ನು ಎತ್ತಿ ಹಿಡಿದೇ ಒಂದೇ ಕೈಯಲ್ಲಿ ಓಡಿಸಿದರು. ಪ್ರತಿ ಗುಂಡಿಗೂ ಉಸಿರು ಬಿಗಿಹಿಡಿಯುತ್ತಿದ್ದರು. ನನ್ನ ಬಾಯಿಂದ ‘ನಾನು ಓಡಿಸ್ಲಾ’ ಎಂಬ ಮಾತೂ ಹೊರಡಲಿಲ್ಲ. ತಪ್ಪು ಮಾಡಿದವಳ ನಾಲಗೆ ಹಾಗೇ ಅಂಟಿಕೊಳ್ಳುತ್ತದೆ. ಮನೆಗೆ ಬಂದರೆ ನಿನ್ನ ಕಾಗದ ಕಾದಿತ್ತು. ಓದಿದೆ. ಓದಿ ನೇರ ಬೇಸ್‌ಮೆಂಟಿಗೆ ಇಳಿದೆ.

ಇವರು ಡೆಕ್ಕಿನಲ್ಲಿ ಕೂತಿದ್ದರು. ಬಾಗಿಲು ಸರಿಸಿ ಹೋಗಿ, ‘ರೀ, ಇದು ಸಿಕ್ತು’ ಎಂದೆ.

‘ಎಲ್ಲಿತ್ತು?’

‘ಗೊಂಬೆ ಪೆಟ್ಟಿಗೇಲಿ. ನಾನೇ ಇಟ್ಟಿದ್ದೆ.’

‘ಗೊತ್ತು’ ಎಂದರು. ‘ಅವತ್ತು ನೀನು ಬೇಸ್‌ಮೆಂಟಿಂದ ಹತ್ತಿ ಬರೋದನ್ನ ನೋಡ್ದೆ. ಮುಖ ನೋಡಿದ್ರೇ ಗೊತ್ತಾಗ್ತಿತ್ತು.’

‘ಮತ್ತೆ ಯಾಕೆ ಕೇಳ್ಲಿಲ್ಲ?’

‘ಭಯ ಆಯ್ತು ಕಣೇ. ಅದು ಬೇಕಾ ನಾನು ಬೇಕಾ ಅಂದ್ಬಿಟ್ರೆ?’

‘ಅಂದಿದ್ರೆ ಏನು ಹೇಳ್ತಿದ್ರಿ?’

‘ನೋವಿರೋ ಹೊತ್ತಲ್ಲಿ ಮಾತ್ರ ಕೇಳ್ಬೇಡ ಅಂತಿದ್ದೆ’ ಎಂದರು.

ನನಗೆ ಅಳುವೂ ನಗುವೂ ಒಟ್ಟಿಗೇ ಬಂತು. ಇವರು ಅದಕ್ಕೆ ಸೊಪ್ಪು ತುಂಬಿ, ಬಿಸಿಯಾಗಲು ಬಿಟ್ಟು, ತಾವು ಎಳೆದರು. ಆಮೇಲೆ ಏನನ್ನಿಸಿತೋ, ಒರೆಸಿ ನನ್ನ ಕಡೆ ಚಾಚಿದರು. ಯಾಕೆ ಬೇಡ ಎನ್ನಲಿ? ಇಷ್ಟು ದಿನ ಸವತಿ ಎಂದು ಬೈದವಳನ್ನು ಒಮ್ಮೆ ಮಾತಾಡಿಸಿಯಾದರೂ ನೋಡೋಣ ಎಂದು ತೆಗೆದುಕೊಂಡೆ. ಕಂಡದ್ದಕ್ಕಿಂತ ಭಾರವಿತ್ತು. ಕೋಳಿಮರಿಯನ್ನು ಹಿಡಿದ ಹಾಗೆ ಅಂಗೈ ಬೆಚ್ಚಗಾಯಿತು. ಮೊದಲ ಸಲ ಎಳೆದಾಗ ಬರೀ ಬಿಸಿಗಾಳಿ. ಎರಡನೆಯ ಸಲ ಒಣಹುಲ್ಲಿನ ಬಣವೆಯನ್ನೇ ನುಂಗಿದ ಹಾಗಾಗಿ ಕೆಮ್ಮು ಹತ್ತಿಕೊಂಡಿತು ನೋಡು, ಬೇಲಿಯಾಚೆಯ ನಾಯಿ ಬೊಗಳಲು ಶುರುಮಾಡಿತು. ಇವರು ನಕ್ಕರು. ನಕ್ಕು ಪಕ್ಕೆ ಹಿಡಿದುಕೊಂಡರು.

‘ನೋವಾಯ್ತಾ?’ ಎಂದೆ.

‘ಆಯ್ತು. ಪರವಾಗಿಲ್ಲ, ಇನ್ನೊಂದ್ಸಲ ಕೆಮ್ಮು’ ಎಂದರು.

ನನಗೆ ತಲೆ ಹಗುರವಾಯಿತು, ನಾಲಗೆ ಒಣಗಿತು. ಅದರಲ್ಲಿ ಹೊಟ್ಟೆಕಿಚ್ಚುಪಡುವಂಥದ್ದು ಏನಿದೆಯೋ ನನಗಂತೂ ಕಾಣಲಿಲ್ಲ. ನೋವಿಲ್ಲದವರಿಗೆ ಅದು ಬರೀ ಕೆಟ್ಟ ರುಚಿ.

ಅಂಗಿಯ ಗುಂಡಿಗಳನ್ನು ಇವರೇ ಬಿಚ್ಚಿದರು. ನಾನು ಕೈ ಚಾಚಲಿಲ್ಲ. ನನ್ನ ಕೈಯನ್ನು ಇವರೇ ಹಿಡಿದು, ಗಾಳಿಯಲ್ಲಿ ತುಸು ಹೊತ್ತು ಹಾಗೇ ತಡೆದು, ಆಮೇಲೆ ಪಕ್ಕೆಯ ಮೇಲೆ ಇಟ್ಟುಕೊಂಡರು. ಮೈ ಝಲ್ಲೆಂದದ್ದು ನನ್ನ ಬೆರಳಿಗೆ ತಿಳಿಯಿತು. ಹಣೆಯಲ್ಲಿ ಬೆವರು ಬಂತು.

‘ತೆಗೀಲಾ?’

‘ಬೇಡ. ಅಲ್ಲಾಡಿಸ್ಬೇಡ ಅಷ್ಟೆ.’

ಅಲ್ಲಾಡಿಸಲಿಲ್ಲ. ಗುಳ್ಳೆಯ ಕಲೆಗಳು ಹೇಗಿವೆ ಎಂದು ನನಗೆ ಗೊತ್ತೇ ಇರಲಿಲ್ಲ ಸಂಜು. ಸಣ್ಣ ಸಣ್ಣ ಗುಳಿ, ನಯವಾಗಿ. ಕಣ್ಣಲ್ಲಿ ನೋಡಿದ್ದೆ, ಕೈಗೆ ಅವು ಬೇರೆಯೇ. ಸ್ವಲ್ಪ ಹೊತ್ತಾದ ಮೇಲೆ ‘ಸಾಕು’ ಎಂದರು, ತೆಗೆದೆ. ನಿನ್ನೆ ಮತ್ತೆ ಇಟ್ಟಾಗ ಆಗಲೇ ಇಲ್ಲ, ಬೇಗ ತೆಗೆಯಬೇಕಾಯಿತು. ನಾನು ಇನ್ನೂ ಸಾಹಿತ್ಯಳ ಕೋಣೆಯಲ್ಲೇ ಮಲಗುತ್ತಿದ್ದೇನೆ. ಎರಡೂ ಕೋಣೆಯ ಬಾಗಿಲು ಮಾತ್ರ ತೆರೆದಿರುತ್ತದೆ.

ಈಗ ನಿನ್ನ ಮಾತು. ಇವರು ನಿನಗೆ ಆಡಿದ ಮಾತನ್ನು ಇವರಿಗೇ ಓದಿ ಹೇಳಿದೆ. ‘ನಿನಗೇನೂ ಆಗಲ್ವಲ್ಲ’ ಎಂಬಲ್ಲಿಗೆ ಬಂದಾಗ ಇವರ ಮುಖ ಸಣ್ಣಗಾಯಿತು. ‘ಅವಳಿಗೆ ಹಾಗನ್ನಿಸ್ತಾ?’ ಎಂದರು. ‘ಮತ್ತೆ ಅನ್ನಿಸಲ್ವಾ? ಅವಳೇನು ಮರದ ಕೈಯವಳಾ?’ ಎಂದು ನಾನೇ ಗದರಿದೆ. ಇವರ ಮೇಲೆ ನಿನ್ನ ಪರವಾಗಿ ಜಗಳಕ್ಕೆ ನಿಂತಿದ್ದೆ ನಾನು! ನನಗೇ ಆಶ್ಚರ್ಯ.

ಹಾಗೆಂದು ಹೊಟ್ಟೆಕಿಚ್ಚು ಹೋಗಿದೆ ಅಂದುಕೊಳ್ಳಬೇಡ. ನನಗಿಂತ ಮೊದಲು ಅಲ್ಲಿ ಕೈಯಿಟ್ಟವಳು ನೀನು. ಅದನ್ನು ನಾನು ಸತ್ತರೂ ಮರೆಯುವುದಿಲ್ಲ. ಅಂಗಡಿಯಲ್ಲಿ ಹೌದು ಎಂದದ್ದನ್ನು ಓದಿದಾಗಲೂ ಒಳಗೆ ಚುರ್ ಎಂದಿತು. ಆದರೆ ಆ ಸಾಲಿನ ಕೆಳಗೆ ಇನ್ನೊಂದು ಸಾಲಿತ್ತಲ್ಲ, ನಿನ್ನನ್ನು ಮುಟ್ಟುವವರು ಯಾರೂ ಇಲ್ಲ ಎಂದು. ಅದನ್ನು ಓದಿದಾಗಿನಿಂದ ನಾನು ಕೂತಲ್ಲಿ ಕೂರಲಾರದೆ ಹೋಗಿದ್ದೇನೆ.

ಅದಕ್ಕೇ ಇವತ್ತು ಕ್ವೀನ್ ಎಲಿಜಬೆತ್ ಹೆದ್ದಾರಿಯಲ್ಲಿ ಒಬ್ಬಳೇ ಓಡಿಸಿಕೊಂಡು ಬಂದೆ. ಹಿಂದಿನ ಲಾರಿಯವನು ಹಾರ್ನ್ ಹೊಡೆದೂ ಹೊಡೆದೂ ದಾಟಿಹೋದ. ಈಗ ನಿನ್ನ ಕಟ್ಟಡದ ಕೆಳಗೆ, ಅತಿಥಿಗಳ ಪಾರ್ಕಿಂಗಿನಲ್ಲಿ, ಸ್ಟಿಯರಿಂಗಿನ ಮೇಲೆ ಕಾಗದ ಇಟ್ಟುಕೊಂಡು ಬರೆಯುತ್ತಿದ್ದೇನೆ. ಬಾಯಲ್ಲಿ ಇಷ್ಟೆಲ್ಲ ಹೇಳಲು ನನಗೆ ಬರುವುದಿಲ್ಲ, ನಿನಗೆ ಗೊತ್ತು. ನೀನು ಬಾಗಿಲು ತೆಗೆದ ಕೂಡಲೇ ಇದನ್ನು ಕೈಗೆ ಕೊಟ್ಟುಬಿಡುತ್ತೇನೆ. ಆಮೇಲೆ ಓದಿಕೋ. ಮೊದಲು ನೆಲದ ಮೇಲೆ ಕೂತು ತಲೆಗೂದಲು ಬಿಚ್ಚು, ಎಣ್ಣೆ ತಂದಿದ್ದೇನೆ.

ಬಝರ್ ಒತ್ತಲು ಇಳಿಯುತ್ತಿರುವ,
ನಿನ್ನ ಅಕ್ಕ